ಮುಯ್ಯಿ ಮತ್ತು ಕೂಲಿ

ಮಲೆನಾಡಿನ ಮನೆಗಳಲ್ಲಿ ಹಲಸಿನ ಹಪ್ಪಳವು ಎಂದೂ ಒಬ್ಬರ ಕೆಲಸವಾಗಿರಲಿಲ್ಲ. ಬಲಿತ ಕಾಯಿಯನ್ನು ಕೊಯ್ದು ತೊಳೆ ಬಿಡಿಸುವವರು ಒಬ್ಬರು, ಬೇಯಿಸಿ ರುಬ್ಬುವವರು ಮತ್ತೊಬ್ಬರು. ಉಂಡೆ ಕಟ್ಟಲು, ಮಣೆಯಿಂದ ಒತ್ತಲು, ಚಾಪೆಯ ಮೇಲೆ ಬಿಸಿಲಿಗೆ ಹರವಲು ಇನ್ನಷ್ಟು ಕೈಗಳು ಬೇಕು. ಆದುದರಿಂದ ನೆರೆಹೊರೆಯ ಹೆಂಗಸರು ಇಂದು ಈ ಮನೆಯಲ್ಲಿ ಕೂಡಿದರೆ ನಾಳೆ ಆ ಮನೆಯಲ್ಲಿ ಕೂಡುತ್ತಿದ್ದರು. ಇದಕ್ಕೆ ಮುಯ್ಯಿ ಎಂದು ಹೆಸರು. ಮುಯ್ಯಿಯಲ್ಲಿ ಹಣದ ಮಾತಿಲ್ಲ. ಆದರೆ ಲೆಕ್ಕವೇ ಇಲ್ಲವೆಂದು ತಿಳಿಯಬಾರದು. ಒಂದು ದಿನದ ದುಡಿಮೆಗೆ ಒಂದು ದಿನದ ದುಡಿಮೆಯೇ ಅಲ್ಲಿ ಬೆಲೆ.

ಕಾಲ ಬದಲಾಗಿದೆ. ಮನೆಮಂದಿಗೆಂದು ಮಾಡುತ್ತಿದ್ದ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಚಕ್ಕುಲಿಗಳು ಇಂದು ಪೊಟ್ಟಣಗಳಲ್ಲಿ ಅಂಗಡಿಗೆ ಹೋಗುತ್ತಿವೆ. ಗೃಹಿಣಿಯ ಕೈರುಚಿ ಅವಳ ಕೈಗೆ ನಾಲ್ಕು ಕಾಸು ತಂದುಕೊಡುತ್ತಿರುವುದು ಸಂತೋಷದ ಸಂಗತಿ. ಬೇಡಿಕೆ ಹೆಚ್ಚಿದಂತೆ ಒಂಟಿ ಕೈ ಸಾಲದಾಗುತ್ತದೆ. ನೆರವಿಗೆ ಒಬ್ಬಳನ್ನು ಕರೆಯಬೇಕಾಗುತ್ತದೆ. ಹೀಗೆ ಬಂದವಳು ಮುಯ್ಯಿಗೆ ಬಂದವಳೋ, ಕೂಲಿಗೆ ಬಂದವಳೋ? ಪ್ರಶ್ನೆ ಹುಟ್ಟುವುದು ಇಲ್ಲಿಯೇ.

“ಅವಳು ನಮ್ಮ ಮನೆಯವಳಿದ್ದಂತೆ” ಎಂಬ ಮಾತು ಇಂಥ ಮನೆಗಳಲ್ಲಿ ಕೇಳಿಬರುತ್ತದೆ. ಮಾತಿನಲ್ಲಿ ಅಕ್ಕರೆಯಿರುವುದು ನಿಜ. ಕಾಫಿ ತಿಂಡಿಗೆ ಕೊರತೆಯಿಲ್ಲ, ಹಬ್ಬಕ್ಕೆ ಸೀರೆಯೂ ಉಂಟು. ಆದರೆ ದಿನಕ್ಕೆ ಎಷ್ಟು ಗಂಟೆ ದುಡಿಯಬೇಕು, ಎಷ್ಟು ಕೂಲಿ, ಅದು ಯಾವ ದಿನ ಕೈಸೇರುತ್ತದೆ ಎಂಬುದು ಮಾತ್ರ ನಿಗದಿಯಾಗಿರುವುದಿಲ್ಲ. ಮನೆಯವಳಂತಿರುವವಳು ಬಾಯಿಬಿಟ್ಟು ಕೇಳಲು ಸಂಕೋಚಪಡುತ್ತಾಳೆ. ಒಬ್ಬಳ ದುಡಿಮೆ ಹಣವಾಗಿ ಮತ್ತೊಬ್ಬಳ ಪೆಟ್ಟಿಗೆ ಸೇರುವಾಗ ಅದು ಮುಯ್ಯಿಯಲ್ಲ. ಆ ಹೆಸರಿನಲ್ಲಿ ಕೂಲಿಯನ್ನು ಮರೆಸುವುದು ನ್ಯಾಯವೂ ಅಲ್ಲ.

ಕೂಲಿ ಕೊಟ್ಟರೆ ಲಾಭ ಉಳಿಯುವುದಿಲ್ಲವೆಂದು ಕೆಲವರು ಹೇಳಬಹುದು. ಈ ಮಾತನ್ನು ಲೆಕ್ಕಕ್ಕಿಟ್ಟು ನೋಡಬೇಕು. ಒಂದು ದಿನದ ಹಪ್ಪಳ 1000 ರೂಪಾಯಿಗೆ ಮಾರಿತು, ಸಾಮಗ್ರಿಗೂ ಉರುವಲಿಗೂ 600 ರೂಪಾಯಿ ತಗಲಿತು ಎಂದು ಭಾವಿಸಬಹುದು. ಮಿಕ್ಕ 400 ರೂಪಾಯಿಯನ್ನು ಒಡತಿ ಲಾಭವೆಂದು ಕರೆಯುತ್ತಾಳೆ. ಆದರೆ ಆ ದಿನವೆಲ್ಲ ಇಬ್ಬರು ದುಡಿದಿದ್ದಾರೆ. ಅದು ಲಾಭವಲ್ಲ, ಇಬ್ಬರ ಕೂಲಿ. ತನ್ನ ದುಡಿಮೆಗೇ ಬೆಲೆ ಕಟ್ಟದವಳು ಇನ್ನೊಬ್ಬಳ ದುಡಿಮೆಗೆ ಬೆಲೆ ಕಟ್ಟುವುದು ಕಷ್ಟ. ಆದ್ದರಿಂದ ನೆರವಿಗೆ ಕರೆಯುವ ಮುನ್ನ ಅವಳು ತನ್ನ ಕೂಲಿಯನ್ನೂ ಖರ್ಚಿನಲ್ಲಿ ಬರೆದು, ಅನಂತರ ಪೊಟ್ಟಣದ ಬೆಲೆಯನ್ನು ನಿಶ್ಚಯಿಸಬೇಕು.

ಶುಚಿತ್ವಕ್ಕೂ ಕೂಲಿಗೂ ಸಂಬಂಧವುಂಟು. ಜ್ವರ ಬಂದವಳು, ಕೈಗೆ ಗಾಯವಾದವಳು ಹಿಟ್ಟು ಮುಟ್ಟಬಾರದು. ಆದರೆ ಒಂದು ದಿನ ತಪ್ಪಿದರೆ ಅಂದಿನ ಕೂಲಿ ಹೋಗುತ್ತದೆಂಬ ಭಯವಿದ್ದರೆ, ಅವಳು ಜ್ವರವನ್ನು ಮರೆಮಾಚಿ ಕೆಲಸಕ್ಕೆ ಬರುತ್ತಾಳೆ. ಕಾಯಿಲೆಯ ದಿನಕ್ಕೂ ಕೂಲಿ ಕೊಡುವ ಒಡತಿ ತನ್ನ ತಿಂಡಿಯ ಹೆಸರನ್ನೂ ಕಾಪಾಡಿಕೊಳ್ಳುತ್ತಾಳೆ.

ಆಳು ದೊರೆಯದಿದ್ದಾಗ ಮೊದಲು ಕರೆ ಬರುವುದು ಶಾಲೆಗೆ ಹೋಗುವ ಮಗಳಿಗೆ. 14 ವರ್ಷ ತುಂಬದ ಮಕ್ಕಳನ್ನು ಕೆಲಸಕ್ಕಿಟ್ಟುಕೊಳ್ಳುವುದನ್ನು ಕಾನೂನು ನಿಷೇಧಿಸಿದೆ. 1986ರ ಕಾಯಿದೆಗೆ 2016ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಅವರು ಮನೆಯ ಉದ್ಯಮದಲ್ಲಿ ಅಪಾಯವಿಲ್ಲದ ಕೆಲಸಕ್ಕೆ ನೆರವಾಗಬಹುದು. ಅದೂ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮಾತ್ರ. ತಾಯಿಗೆ ನೆರವಾಗುವುದು ಮಕ್ಕಳ ಧರ್ಮವೇ ಸರಿ. ಆದರೆ ಹಪ್ಪಳದ ಸುಗ್ಗಿ ಬಂದಾಗಲೆಲ್ಲ ತರಗತಿಯಲ್ಲಿ ಹುಡುಗಿಯ ಜಾಗ ಬರಿದಾದರೆ, ಆ ಹಪ್ಪಳಕ್ಕೆ ತೆತ್ತ ಬೆಲೆ ಬಹಳ ಹೆಚ್ಚು.

ಒಡತಿ, ಆಳು ಎಂಬ ಭೇದವಿಲ್ಲದೆಯೂ ಈ ಉದ್ಯಮ ನಡೆಯಬಲ್ಲದು. 1959ರಲ್ಲಿ ಮುಂಬಯಿಯ ಗಿರಗಾಂವದಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ಪಡೆದು, ಮನೆಯ ತಾರಸಿಯ ಮೇಲೆ ಹಪ್ಪಳ ಮಾಡತೊಡಗಿದರು. ಅದೇ ಮುಂದೆ ಲಿಜ್ಜತ್ ಪಾಪಡ್ ಸಂಸ್ಥೆಯಾಗಿ ದೇಶದಲ್ಲೆಲ್ಲ ಹೆಸರಾಯಿತು. ಕಲಸಿದ ಹಿಟ್ಟನ್ನು ಮನೆಗೆ ಒಯ್ದು, ಲಟ್ಟಿಸಿ, ಒಣಗಿಸಿ ತರುವ ಸಾವಿರಾರು ಸ್ತ್ರೀಯರು ಅಲ್ಲಿ ತಮ್ಮ ದುಡಿಮೆಗೆ ತಕ್ಕ ಕೂಲಿಯನ್ನು ಪಡೆಯುತ್ತಾರೆ. ಜೊತೆಗೆ ಸಂಸ್ಥೆಯ ಒಡೆತನದಲ್ಲಿಯೂ ಪಾಲುದಾರರಾಗಿದ್ದಾರೆ. ಸ್ಥಾಪಕರಲ್ಲೊಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು.

ಎಲ್ಲ ಮನೆಗಳೂ ಇಂಥ ಸಂಸ್ಥೆಗಳಾಗಲಾರವು, ಆಗಬೇಕೆಂದೂ ಇಲ್ಲ. ಆದರೆ ಹಳೆಯ ಮುಯ್ಯಿಯ ನೀತಿಯನ್ನು ಎಲ್ಲರೂ ಉಳಿಸಿಕೊಳ್ಳಬಹುದು. ಅಂದು ದುಡಿಮೆಗೆ ದುಡಿಮೆ ಸಲ್ಲುತ್ತಿತ್ತು. ಇಂದು ದುಡಿಮೆಗೆ ಕೂಲಿ ಸಲ್ಲಬೇಕು. ಅಕ್ಕರೆ ಆ ಕೂಲಿಯ ಮೇಲಿನ ತುಪ್ಪವಾಗಿರಲಿ; ಅನ್ನದ ಬದಲಿಗೆ ತುಪ್ಪವನ್ನೇ ಬಡಿಸಿದರೆ ಯಾರ ಹೊಟ್ಟೆಯೂ ತುಂಬುವುದಿಲ್ಲ.