ಹೊಳಪಿನ ಬೆಲೆ

ಕೀಲೆಣ್ಣೆ ಹಾಕಿ ಚಕ್ಕಡಿ ಹೂಡುತ್ತಿದ್ದ ಕಾಲದಲ್ಲಿ ಗಾಡಿಯ ಆರೈಕೆಯಿಂದ ಯಾರ ಪ್ರಕೃತಿಯೂ ಕೆಡುತ್ತಿದ್ದಿಲ್ಲ. ಈಗಿನ ವಾಹನಗಳ ಸಂಗತಿಯು ಹಾಗಲ್ಲ. ಯಾದಗಿರಿಯು 2010ರಲ್ಲಿ ಜಿಲ್ಲೆಯ ಮುಖ್ಯಸ್ಥಳವಾದ ಮೇಲೆ ಇಲ್ಲಿಯೂ, ಶಹಾಪುರ ಸುರಪುರಗಳಲ್ಲಿಯೂ ಮೋಟಾರುಗಳು ಹೆಚ್ಚಿವೆ. ಅವನ್ನು ತೊಳೆದು, ತಿಕ್ಕಿ, ಕನ್ನಡಿಯಂತೆ ಹೊಳೆಯಿಸಿ ಕೊಡುವ ಅಂಗಡಿಗಳೂ ರಸ್ತೆಯ ಬದಿಗೆ ತಲೆಯೆತ್ತಿವೆ. ಖಂಡೆನವಮಿ ದೀಪಾವಳಿಗಳು ಸಮೀಪಿಸಿದವೆಂದರೆ ಅಲ್ಲಿ ಸಾಲುಗಟ್ಟಿ ನಿಲ್ಲುವ ಗಾಡಿಗಳನ್ನು ವಾಚಕರು ನೋಡಿಯೇ ಇರುವರು. ಅಲ್ಲಿ ದುಡಿಯುವವರು ಪ್ರಾಯಶಃ ತರುಣರು; ನಮ್ಮ ನಿಮ್ಮ ಓಣಿಗಳ ಮಕ್ಕಳು. ಹೊಳಪು ಗಾಡಿಗೆ ಬರುವದು. ಆ ಹೊಳಪಿಗಾಗಿ ಬಳಸಿದ ದ್ರವ್ಯಗಳ ಆವಿಯು ಆ ಮಕ್ಕಳ ಎದೆಗೆ ಇಳಿಯುವದು. ಆದಕಾರಣ ಈ ತಿಂಗಳು ಈ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯಬೇಕೆಂದು ಎಣಿಸಿದ್ದೇವೆ.

ವಿಷವು ದೇಹವನ್ನು ಹೊಗುವ ಮುಖ್ಯ ದ್ವಾರಗಳು ಮೂರು: ಉಸಿರು, ತೊಗಲು, ಬಾಯಿ. ಇವುಗಳಲ್ಲಿ ಉಸಿರೇ ದೊಡ್ಡ ದ್ವಾರವು. ಡಾಂಬರಿನ ಕಲೆ, ಜಿಡ್ಡು, ಹಳೆಯ ಬಣ್ಣ ಇವುಗಳನ್ನು ತೆಗೆಯಲಿಕ್ಕೆ ಥಿನ್ನರನ್ನೂ ಪೆಟ್ರೋಲನ್ನೂ ಅರಿವೆಗೆ ಸುರಿದುಕೊಂಡು ತಿಕ್ಕುವ ರೂಢಿಯುಂಟು. ಥಿನ್ನರಿನಲ್ಲಿ ಟಾಲ್ವಿನ್, ಝೈಲೀನ್ ಮೊದಲಾದ ದ್ರವಗಳು ಇರುವವು. ಇವುಗಳ ಆವಿಯಿಂದ ಮೊದಲು ತಲೆ ತಿರುಗುವದು, ನೋಯುವದು, ಓಕರಿಕೆ ಬರುವದು. ವರ್ಷಾನುಗಟ್ಟಲೆ ಸೇವಿಸಿದರೆ ಜ್ಞಾಪಕಶಕ್ತಿಯೂ ನರಗಳೂ ಕುಂದುವವು. ಪೆಟ್ರೋಲಿನಲ್ಲಿ ಬೆಂಜೀನ್ ಎಂಬ ದ್ರವವಿರುವದು. ನೂರರಲ್ಲಿ ಒಂದು ಪಾಲಿಗಿಂತ ಅದು ಹೆಚ್ಚಿರಬಾರದೆಂದು ನಮ್ಮ ದೇಶದಲ್ಲಿ ಕಟ್ಟಳೆಯುಂಟು; ಏಕೆಂದರೆ ಅದು ಎಲುಬಿನೊಳಗಿನ ಮಜ್ಜೆಯನ್ನು ಕೆಡಿಸಿ ರಕ್ತದ ಕ್ಯಾನ್ಸರನ್ನು ಹುಟ್ಟಿಸಬಲ್ಲದೆಂಬದು ನಿಶ್ಚಿತವಾದ ಸಂಗತಿಯು. ಹೀಗಿರಲು ಕೈಯ ಜಿಡ್ಡನ್ನು ಪೆಟ್ರೋಲಿನಿಂದ ತೊಳೆಯುವವರನ್ನು ನೋಡಿದರೆ ಮನಸ್ಸಿಗೆ ನೋವಾಗುವದು.

ನಮ್ಮ ಸೀಮೆಯ ಹವೆಯು ಈ ಕೇಡನ್ನು ಇಮ್ಮಡಿಸುವದು. ವೈಶಾಖದ ಬಿಸಿಲು 40 ಅಂಶವನ್ನು ದಾಟಿದಾಗ ಇಂಥ ದ್ರವಗಳು ತೀವ್ರವಾಗಿ ಆವಿಯಾಗುವವು. ಮೇಲಾಗಿ ಈ ಆವಿಗಳು ಗಾಳಿಗಿಂತ ಭಾರವಾದವುಗಳು. ಅವು ಮೇಲಕ್ಕೆ ಹಾರಿಹೋಗದೆ ಗಾಡಿಯ ಒಳಗೂ, ಕೆಳಗೆ ತೋಡಿದ ಕುಣಿಯಲ್ಲಿಯೂ ತಂಗುವವು. ಬಾಗಿಲು ಮುಚ್ಚಿ ಒಳಗಿನ ಆಸನಗಳನ್ನು ತಿಕ್ಕುವ ಹುಡುಗನು ಈ ಆವಿಯ ಕೊಳದಲ್ಲಿಯೇ ಕುಳಿತಿರುತ್ತಾನೆ.

ಬಣ್ಣ ಹೊಡೆಯುವ ಕೆಲಸದ ಅಪಾಯವು ಇದಕ್ಕಿಂತಲೂ ಹೆಚ್ಚಿನದು. ಎರಡು ಡಬ್ಬಿಗಳ ದ್ರವ ಕೂಡಿಸಿ ಹೊಡೆಯುವ ಗಟ್ಟಿ ಬಣ್ಣಗಳ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ದ್ರವ್ಯಗಳಿರುವವು. 1984ರ ಡಿಸೆಂಬರದಲ್ಲಿ ಭೋಪಾಲವನ್ನು ಸ್ಮಶಾನವಾಗಿಸಿದ ಅನಿಲವು ಇದೇ ಕುಲಕ್ಕೆ ಸೇರಿದ್ದು. ಬಣ್ಣದಲ್ಲಿರುವವುಗಳು ಅದರಷ್ಟು ಬೇಗ ಆವಿಯಾಗುವವಲ್ಲ, ನಿಜ. ಆದರೆ ತುಂತುರಾಗಿ ಎದೆಯೊಳಗೆ ಹೊಕ್ಕರೆ ಉಬ್ಬಸವನ್ನು ತರುವವು. ಒಮ್ಮೆ ದೇಹವು ಇದಕ್ಕೆ ಮುನಿಯಿತೆಂದರೆ ತರುವಾಯ ಅತ್ಯಲ್ಪ ವಾಸನೆಯೂ ಉಸಿರು ಕಟ್ಟಿಸುವದು. ಮನುಷ್ಯನು ಕಲಿತ ಕಸಬನ್ನೇ ಬಿಡಬೇಕಾಗುವದು.

ಇನ್ನು ತೊಗಲಿನ ಮಾತು. ನಮ್ಮ ಕಡೆಯ ಅನೇಕ ಕೊಳವೆ ಬಾವಿಗಳ ನೀರು ಗಡುಸು. ಅದರಿಂದ ಗಾಡಿ ತೊಳೆದು ಬಿಸಿಲಿಗೆ ಬಿಟ್ಟರೆ ಗಾಜಿನ ಮೇಲೆ ಬಿಳಿಯ ಚುಕ್ಕೆಗಳು ಉಳಿಯುವವು. ಆ ಚುಕ್ಕೆಗಳನ್ನು ತೆಗೆಯಲಿಕ್ಕೆಂದು ಪಾಯಖಾನೆ ತೊಳೆಯುವ ಆ್ಯಸಿಡನ್ನು ತರುವರು. ಚಕ್ರಗಳನ್ನು ಬೆಳಗುವ ಕೆಲವು ದ್ರವಗಳಲ್ಲಿ ಹೈಡ್ರೋಫ್ಲೂರಿಕ್ ಆ್ಯಸಿಡ್ ಅಥವಾ ಅದನ್ನು ಹುಟ್ಟಿಸುವ ಅಮೋನಿಯಂ ಬೈಫ್ಲೋರೈಡ್ ಇರುವದು. ಇದರ ಸ್ವಭಾವವು ವಿಲಕ್ಷಣವಾದದ್ದು. ನೀರು ಬೆರೆಸಿ ತಿಳಿಯಾಗಿಸಿದ್ದು ಮೈಗೆ ತಗಲಿದ ಕೂಡಲೆ ಉರಿಯುವದಿಲ್ಲ. ಕೆಲವು ವೇಳೆ ಹಲವು ತಾಸುಗಳ ಮೇಲೆ ನೋವು ತೋರುವದು. ಅಷ್ಟರಲ್ಲಿ ಅದು ಆಳಕ್ಕಿಳಿದು ದೇಹದ ಕ್ಯಾಲ್ಸಿಯಂ ಸತ್ವವನ್ನು ಹಿಡಿದುಕೊಳ್ಳುವದು. ಹೆಚ್ಚಾಗಿ ತಗಲಿದರೆ ಹೃದಯದ ಬಡಿತವನ್ನೂ ಕೆಡಿಸುವದು. ಇದು ತಗಲಿದರೆ ನೀರಿನಿಂದ ಚೆನ್ನಾಗಿ ತೊಳೆದು, ನೋವು ಬರುವ ದಾರಿ ನೋಡದೆ ಆಸ್ಪತ್ರೆಗೆ ಹೋಗತಕ್ಕದ್ದು. ಡಬ್ಬಿಯನ್ನು ಸಂಗಡ ಒಯ್ಯತಕ್ಕದ್ದು. ಕ್ಯಾಲ್ಸಿಯಂ ಗ್ಲೂಕೋನೇಟ್ ಇದಕ್ಕೆ ತಕ್ಕ ಔಷಧವೆಂಬದು ವೈದ್ಯರಿಗೆ ತಿಳಿದೇ ಇರುವದು. ತಗಲಿದ್ದು ಏನೆಂಬದನ್ನು ನಾವು ಹೇಳಿದರೆ ತಾನೆ ಅವರು ಅದನ್ನು ಕೊಡುವರು.

ಮನೆಯ ಅಂಗಳದಲ್ಲಿ ಗಾಡಿ ತೊಳೆಯುವವರು ಇನ್ನೊಂದು ಮಾತನ್ನು ನೆನಪಿಡಬೇಕು. ಬ್ಲೀಚಿಂಗ್ ಪುಡಿಯನ್ನೂ ಆ್ಯಸಿಡನ್ನೂ ಸರ್ವಥಾ ಕೂಡಿಸಬಾರದು. ಕೂಡಿಸಿದರೆ ಕ್ಲೋರಿನ್ ಅನಿಲವು ಹುಟ್ಟುವದು. ಮೊದಲನೆಯ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರಂದು, ಈಪ್ರ್ ಎಂಬ ಊರಿನ ಬಳಿ ಸೈನಿಕರ ಮೇಲೆ ಬಿಟ್ಟದ್ದು ಈ ಅನಿಲವನ್ನೇ. ಯುದ್ಧದ ಅಸ್ತ್ರವನ್ನು ನಮ್ಮ ಬಚ್ಚಲಲ್ಲಿ ನಾವೇ ತಯಾರಿಸಬಾರದಷ್ಟೆ.

ಮೂರನೆಯ ದ್ವಾರವಾದ ಬಾಯಿಯ ವಿಷಯದಲ್ಲಿ ತಾಯಂದಿರಿಗೆ ವಿಶೇಷ ವಿಜ್ಞಾಪನೆ. ಥಿನ್ನರನ್ನಾಗಲಿ ಆ್ಯಸಿಡನ್ನಾಗಲಿ ಕುಡಿಯುವ ನೀರಿನ ಅಥವಾ ಸರಬತ್ತಿನ ಖಾಲಿ ಬಾಟಲಿಯಲ್ಲಿ ತುಂಬಿಡಕೂಡದು. ಬಾಯಾರಿದ ಕೂಸಿಗೆ ನೀರಿಗೂ ಥಿನ್ನರಿಗೂ ಭೇದ ತಿಳಿಯುವದಿಲ್ಲ. ಅಕಸ್ಮಾತ್ತಾಗಿ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವದು ಹಳೆಯ ರೂಢಿ. ಅದು ಇಲ್ಲಿ ಘಾತಕವು. ವಾಂತಿಯೊಡನೆ ಮೇಲೆ ಬರುವ ಥಿನ್ನರ್ ಪುಪ್ಪುಸವನ್ನು ಸೇರುವದು. ಆ್ಯಸಿಡ್ ಗಂಟಲನ್ನು ಎರಡನೆಯ ಸಲ ಸುಡುವದು. ತಡಮಾಡದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದು, ತೀಕ್ಷ್ಣವಾದದ್ದನ್ನು ಬಿಟ್ಟು ಸೌಮ್ಯವಾದದ್ದನ್ನು ಹಿಡಿಯುವದು. ದಿನದ ಧೂಳಿಗೆ ಸೌಮ್ಯವಾದ ಸಾಬೂನಿನ ನೀರು, ಎರಡು ಬಕೀಟು, ಮೆತ್ತನೆಯ ಅರಿವೆ ಇಷ್ಟೇ ಸಾಕು. ಬೇವಿನ ನೆರಳಿನಲ್ಲಿ ತೊಳೆದು, ನೀರು ಆರುವ ಮೊದಲೇ ಒರಸಿದರೆ ಬಿಳಿಯ ಚುಕ್ಕೆಗಳೇ ಏಳುವದಿಲ್ಲ. ಆ್ಯಸಿಡಿನ ಪ್ರಸಂಗವೇ ಬಾರದು. ಎರಡನೆಯದು, ಗಾಳಿ. ಬಾಗಿಲುಗಳನ್ನು ನಾಲ್ಕೂ ಕಡೆಗೆ ತೆರೆದು, ಮುಂಜಾನೆ ಅಥವಾ ಸಂಜೆಯ ತಂಪಿನಲ್ಲಿ, ಗಾಳಿಗೆ ಬೆನ್ನು ಅಥವಾ ಪಕ್ಕೆ ಕೊಟ್ಟು ಕೆಲಸ ಮಾಡಬೇಕು. ಸಮೀಪದಲ್ಲಿ ಬೀಡಿ ಹಚ್ಚಕೂಡದು. ಮೂರನೆಯದು, ಕೈಗೂ ಕಣ್ಣಿಗೂ ಕವಚ. ನೈಟ್ರಿಲ್ ಎಂಬ ಜಾತಿಯ ಕೈಚೀಲಗಳು ಸಾಬೂನು, ಜಿಡ್ಡು ಇವುಗಳಿಗೆ ಒಳ್ಳೆಯವು. ಥಿನ್ನರಿಗೆ ಅವೂ ಬಹಳ ಹೊತ್ತು ತಾಳುವದಿಲ್ಲವಾದ್ದರಿಂದ ನೆನೆದ ಕೂಡಲೆ ಬದಲಿಸಬೇಕು. ಕಣ್ಣಿಗೆ ಸಿಡಿದರೆ ಕಾಲು ತಾಸು ಬಿಡದೆ ನೀರು ಹಾಕಬೇಕು. ಆ್ಯಸಿಡಿಗೆ ನೀರು ಬೆರೆಸುವಾಗ ಆ್ಯಸಿಡನ್ನೇ ನೀರಿಗೆ ಸುರಿಯಬೇಕಲ್ಲದೆ ನೀರನ್ನು ಆ್ಯಸಿಡಿಗೆ ಸುರಿಯಬಾರದು. ಶಾಲೆಯಲ್ಲಿ ಕಲಿಸುವ ಈ ಪಾಠವು ಶಾಲೆ ಬಿಟ್ಟ ಮೇಲೆಯೇ ಹೆಚ್ಚು ಬೇಕಾಗುವದು.

ಮುಖಕ್ಕೆ ಕಟ್ಟುವ ವಸ್ತ್ರದ ಬಗ್ಗೆ ಬಹಳ ಭ್ರಾಂತಿಯುಂಟು. ಕರವಸ್ತ್ರವಾಗಲಿ, ಆಸ್ಪತ್ರೆಯ ತೆಳು ಮಾಸ್ಕ್ ಆಗಲಿ ಆವಿಯನ್ನು ತಡೆಯಲಾರದು. ಧೂಳಿಗೆಂದು ಮಾಡಿದ ಎನ್-95 ಮಾಸ್ಕ್ ತಿಕ್ಕುಕಾಗದದ ಧೂಳನ್ನು ತಡೆಯುವದು, ಥಿನ್ನರಿನ ಆವಿಯನ್ನಲ್ಲ. ಆವಿಗೆ ಇದ್ದಿಲು ತುಂಬಿದ ಡಬ್ಬಿಗಳುಳ್ಳ ಮುಖವಾಡವೇ ಬೇಕು. ಹಾರ್ಡನರ್ ಕೂಡಿದ ಬಣ್ಣ ಹೊಡೆಯುವವನಿಗಂತೂ ಹೊರಗಿನಿಂದ ಶುದ್ಧವಾದ ಗಾಳಿಯನ್ನು ಕೊಳವೆಯಿಂದ ತರುವ ಮುಖವಾಡವು ಯೋಗ್ಯವಾದದ್ದು. ಕೆಲಸ ಮುಗಿದ ಮೇಲೆ ಕೈಗೆ ಸ್ವಲ್ಪ ಕುಸುಬಿ ಎಣ್ಣೆ ತಿಕ್ಕಿ ಜಿಡ್ಡನ್ನು ಸಡಿಲಿಸಿ ಸಾಬೂನಿನಿಂದ ತೊಳೆದರೆ ಪೆಟ್ರೋಲು ಬೇಕಾಗುವದಿಲ್ಲ. ಕೆಲಸದ ಬಟ್ಟೆಯನ್ನು ಮನೆಯ ಮಕ್ಕಳ ಬಟ್ಟೆಯೊಡನೆ ನೆನೆಹಾಕಬಾರದು.

"ಇಷ್ಟು ವರ್ಷ ಮಾಡಿದೆವು, ಏನೂ ಆಗಿಲ್ಲ; ಈ ಬಿಸಿಲಿನಲ್ಲಿ ಕೈಚೀಲ ಯಾರು ಹಾಕುವರು?" ಎಂದು ಕೇಳುವವರುಂಟು. ಬಿಸಿಲಿನ ಕಷ್ಟವು ಸುಳ್ಳಲ್ಲ. ಅದಕ್ಕಾಗಿಯೇ ತಂಪು ಹೊತ್ತನ್ನೂ ಸೌಮ್ಯ ದ್ರವ್ಯವನ್ನೂ ಮೊದಲು ಹೇಳಿದೆವು. ಆದರೆ ಏನೂ ಆಗಿಲ್ಲವೆಂಬದು ಪ್ರಮಾಣವಲ್ಲ. ಕೆಲವು ವಿಷಗಳ ಫಲವು ವರ್ಷಗಳ ಮೇಲೆ ಕಾಣಿಸುವದು. ಕೆಲಸದ ದಿನಗಳಲ್ಲಿ ಕೆಮ್ಮು, ದಮ್ಮು ಹೆಚ್ಚಾಗಿ ರಜೆಯ ದಿನ ಕಡಮೆಯಾಗುತ್ತಿದ್ದರೆ ಕಸಬಿನ ಮೇಲೆಯೇ ಸಂಶಯಪಡಬೇಕು. 1700ರಲ್ಲಿ ಕಸಬುದಾರರ ರೋಗಗಳನ್ನು ಕುರಿತು ಗ್ರಂಥ ಬರೆದ ಇಟಲಿಯ ವೈದ್ಯ ರಾಮಜ್ಜಿನಿಯು, ರೋಗಿಯನ್ನು ನೋಡುವ ವೈದ್ಯನು ಅವನ ಕಸಬು ಯಾವದೆಂದು ಕೇಳಲೇಬೇಕೆಂದು ವಿಧಿಸಿದನು. ವೈದ್ಯನು ಕೇಳದಿದ್ದರೆ ರೋಗಿಯೇ ಹೇಳಬೇಕು.

ಸರಕಾರವು ನೋಡಿಕೊಳ್ಳಲೆಂದು ಸುಮ್ಮನಿರುವದೂ ಸರಿಯಲ್ಲ. ಭೋಪಾಲದ ತರುವಾಯ 1987ರಲ್ಲಿ ಆಗಿನ ಕಾರ್ಖಾನೆ ಕಾಯಿದೆಗೆ ಅಪಾಯಕರವಾದ ಕೆಲಸಗಳ ಅಧ್ಯಾಯವೊಂದನ್ನು ಕೂಡಿಸಿದರು. ಆದರೆ ಇಂಥ ಕಾಯಿದೆಗಳು ದೊಡ್ಡ ಕಾರ್ಖಾನೆಗಳ ಮೇಲೆ ಕಣ್ಣಿಟ್ಟು ಹುಟ್ಟಿದವುಗಳು. ಇಬ್ಬರು ಮೂವರು ಹುಡುಗರ ರಸ್ತೆಬದಿಯ ಅಂಗಡಿಗೆ ನಿರೀಕ್ಷಕರು ಬರುವದು ಅಪರೂಪ. ಅಲ್ಲಿಗೆ ತಪ್ಪದೆ ಬರುವವನು ಗಿರಾಕಿಯೊಬ್ಬನೇ. "ಲಗೂನ ಮಾಡಿಕೊಡಪಾ, ಲಗ್ನಕ್ಕ ಹೋಗೋದೈತಿ" ಎಂದು ನಾವು ಅವಸರಿಸಿದರೆ ಹುಡುಗನು ತೀಕ್ಷ್ಣವಾದ ದ್ರವವನ್ನೇ ಕೈಗೆತ್ತಿಕೊಳ್ಳುವನು. ಅರ್ಧ ತಾಸು ಹೆಚ್ಚು ಕಾದು, ಕೈಚೀಲ ಹಾಕಿಕೊಳ್ಳೆಂದು ಹೇಳಿ, ಅದರ ಬೆಲೆಯನ್ನು ಕೂಲಿಯೊಡನೆ ಸಂತೋಷದಿಂದ ಕೊಟ್ಟರೆ ಗೃಹಸ್ಥನಿಗೆ ಆಗುವ ನಷ್ಟವೆಷ್ಟು? ಡಬ್ಬಿಯ ಮೇಲಿನ ಕೆಂಪು ಚೌಕಟ್ಟಿನ ಚಿತ್ರಗಳನ್ನು, ಅಂದರೆ ತಲೆಬುರುಡೆ, ಜ್ವಾಲೆ, ಕೈಯನ್ನು ತಿನ್ನುವ ದ್ರವ, ಎದೆಯ ಮೇಲೆ ಒಡೆದ ನಕ್ಷತ್ರ ಇವುಗಳನ್ನು, ಇಂಗ್ಲಿಷ್ ಓದಬಲ್ಲ ನಮ್ಮ ಮಕ್ಕಳು ಆ ಹುಡುಗನಿಗೆ ಬಿಡಿಸಿ ಹೇಳಿದರೆ ಅದೂ ಒಂದು ವಿದ್ಯಾದಾನವೇ.

ಖಂಡೆನವಮಿಯ ದಿನ ನಾವು ವಾಹನಕ್ಕೆ ಹೂವೇರಿಸಿ ಕಾಯಿ ಒಡೆಯುವೆವು. ಆ ವಾಹನವನ್ನು ಶುಚಿಗೊಳಿಸಿದ ಕೈಗಳು ಸುಡದಂತೆ, ಆ ಎದೆಯು ಕೆಡದಂತೆ ನೋಡಿಕೊಳ್ಳುವದು ಆ ಪೂಜೆಯ ಮೊದಲ ಅಂಗವೆಂದು ವಾಚಕರು ಭಾವಿಸಬೇಕೆಂದು ನಮ್ಮ ಪ್ರಾರ್ಥನೆ.