ಬ್ಯಾಟರಿಯ ಪಕ್ಕದಲ್ಲೊಂದು ಫ್ಯೂಸ್ ಇರಲಿ

ಮಳೆಗಾಲ ಹತ್ತಿರವಾದಂತೆ ಮಲೆನಾಡಿನಲ್ಲೂ ಕರಾವಳಿಯಲ್ಲೂ ಇನ್ವರ್ಟರ್ ವ್ಯಾಪಾರ ಜೋರಾಗುತ್ತದೆ. ಮರ ಬಿದ್ದು ಲೈನ್ ಹೋದರೆ ಕರೆಂಟು ಯಾವಾಗ ಬರುತ್ತದೋ ಹೇಳುವಂತಿಲ್ಲ. ಅಂಗಡಿಗೆ ಬಂದವರು ಬ್ಯಾಟರಿ ಎಷ್ಟು ಎಎಚ್, ವಾರಂಟಿ ಎಷ್ಟು ವರ್ಷ, ಹಳೆಯದಕ್ಕೆ ಎಷ್ಟು ಕಳೆಯುತ್ತೀರಿ ಎಂದೆಲ್ಲ ವಿಚಾರಿಸುತ್ತಾರೆ. ಬ್ಯಾಟರಿಯಿಂದ ಇನ್ವರ್ಟರ್‌ಗೆ ಎಳೆಯುವ ಕೇಬಲ್ ಎಷ್ಟು ದಪ್ಪ, ಅದಕ್ಕೆ ಫ್ಯೂಸ್ ಎಲ್ಲಿದೆ ಎಂದು ಕೇಳುವವರು ಮಾತ್ರ ಕಡಿಮೆ. ದಯವಿಟ್ಟು ಈ ಎರಡನ್ನೂ ಕೇಳಿ ಎಂಬುದೇ ಓದುಗರಲ್ಲಿ ಮನವಿ.

‘ಹನ್ನೆರಡು ವೋಲ್ಟ್ ತಾನೆ, ಶಾಕ್ ಹೊಡೆಯಲ್ಲ’ ಎಂಬ ಧೈರ್ಯ ಎಲ್ಲರಿಗೂ ಇದೆ. ಶಾಕ್ ಹೊಡೆಯುವುದಿಲ್ಲ, ನಿಜ. ಅಪಾಯ ಇರುವುದು ಆಂಪಿಯರ್‌ನಲ್ಲಿ. ಮನೆಯಲ್ಲಿ 700 ವ್ಯಾಟ್ ಲೋಡ್ ಓಡುತ್ತಿದ್ದರೆ 230 ವೋಲ್ಟಿನ ಕಡೆ ಹರಿಯುವುದು ಸುಮಾರು 3 ಆಂಪಿಯರ್. ಬ್ಯಾಟರಿಯ ಕಡೆ, ಇನ್ವರ್ಟರ್ ಒಳಗೇ ಪೋಲಾಗುವುದೂ ಸೇರಿ, ಅದು 70ರ ಹತ್ತಿರ. ಚಾರ್ಜ್ ಇಳಿದು ಬ್ಯಾಟರಿ 10.5 ವೋಲ್ಟಿಗೆ ಬಂದಾಗ 78.

ಹಲವು ಮನೆಗಳಲ್ಲಿ ನಡೆಯುವುದು ಹೀಗೆ. ಬ್ಯಾಟರಿ ವಾಸನೆ ಬರುತ್ತದೆಂದು ಅದನ್ನು ಬಾಲ್ಕನಿಗೆ ಸಾಗಿಸುತ್ತಾರೆ. ಜೊತೆಗೆ ಬಂದ ಕೇಬಲ್ ಸಾಲುವುದಿಲ್ಲ. ವೈರಿಂಗ್ ಮಾಡಿಸಿದಾಗ ಉಳಿದಿದ್ದ 6 ಸ್ಕ್ವೇರ್ ಎಂಎಂ ವೈರನ್ನು ಎಳೆದು, ಟೇಪ್ ಸುತ್ತಿ ಮುಗಿಸುತ್ತಾರೆ. ದೂರ 3 ಮೀಟರ್ ಎಂದುಕೊಂಡರೂ ಪ್ಲಸ್ಸು, ಮೈನಸ್ಸು ಸೇರಿ ವೈರು 6 ಮೀಟರ್. 70 ಆಂಪಿಯರ್ ಹರಿದಾಗ ಅದರಲ್ಲೇ 1.4 ವೋಲ್ಟ್ ಕಳೆದುಹೋಗುತ್ತದೆ. ಹಳೆಯ 100 ವ್ಯಾಟಿನ ಬುರುಡೆ ಬಲ್ಬಿನಷ್ಟು ಕಾವು ಗೋಡೆಯಂಚಿನ ಪೈಪಿನೊಳಗೆ ಹುಟ್ಟುತ್ತಿರುತ್ತದೆ. ಇನ್ವರ್ಟರ್‌ಗೆ ತಲುಪುವ ವೋಲ್ಟೇಜ್ ಕುಸಿದು ಅದು ಬೇಗನೆ ಬೀಪ್ ಹೊಡೆದು ನಿಲ್ಲುತ್ತದೆ. ಮನೆಯವರು ಬ್ಯಾಟರಿ ಹೋಯಿತೆಂದು ಸಾವಿರಾರು ರೂಪಾಯಿ ಸುರಿದು ಹೊಸದು ತರುತ್ತಾರೆ. ಅಷ್ಟೇ ದೂರಕ್ಕೆ 25 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಹಾಕಿದ್ದರೆ ನಷ್ಟ ಮೂರನೇ ಒಂದು ವೋಲ್ಟ್ ಮಾತ್ರ. ಅದಕ್ಕಿಂತಲೂ ಒಳ್ಳೆಯದು, ಗಾಳಿಯಾಡುವ ಜಾಗ ನೋಡಿ ಬ್ಯಾಟರಿ, ಇನ್ವರ್ಟರ್ ಎರಡನ್ನೂ ಹತ್ತಿರವೇ ಇಡುವುದು.

ತಾಮ್ರ ಎಂದು ಮಾರುವುದೆಲ್ಲ ತಾಮ್ರವಲ್ಲ. ಎಳೆಯೊಂದನ್ನು ಚಾಕುವಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪನದ ಅಲ್ಯೂಮಿನಿಯಂ ಇರಬಹುದು. ಅಂಥದ್ದನ್ನು ವಾಪಸ್ ಕೊಡಿ.

ಇನ್ನು ಫ್ಯೂಸ್. ‘ಇನ್ವರ್ಟರ್ ಒಳಗೇ ಇದೆಯಲ್ಲ’ ಎನ್ನುತ್ತಾರೆ. ಅದು ಕಾಯುವುದು ಇನ್ವರ್ಟರನ್ನು. ದಾರಿಯಲ್ಲಿ ಜೋಡಿ ಕೇಬಲ್ಲನ್ನು ಇಲಿ ಕಡಿದು ಎರಡೂ ತಂತಿ ತಾಗಿದರೆ, ಕರೆಂಟು ಆ ಫ್ಯೂಸಿನವರೆಗೆ ಹೋಗುವುದೇ ಇಲ್ಲ. 150 ಎಎಚ್ ಬ್ಯಾಟರಿ ಶಾರ್ಟ್ ಆದರೆ ಸಾವಿರಕ್ಕೂ ಹೆಚ್ಚು ಆಂಪಿಯರ್ ನುಗ್ಗಬಲ್ಲದು. ಕೇಬಲ್ಲಿನ ಪ್ಲಾಸ್ಟಿಕ್ ಕ್ಷಣಗಳಲ್ಲಿ ಹೊತ್ತಿಕೊಳ್ಳುತ್ತದೆ. ಹಾಗಾಗಿ ಫ್ಯೂಸ್ ಇರಬೇಕಾದ್ದು ಬ್ಯಾಟರಿಯ ಪ್ಲಸ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ. ಮೇಲಿನ 78 ಆಂಪಿಯರ್‌ಗೆ ಕಾಲುಭಾಗ ಸೇರಿಸಿದರೆ ಹತ್ತಿರದ ಅಳತೆ 100. ಕೇಬಲ್ ಅದಕ್ಕಿಂತ ಹೆಚ್ಚು ತಾಳುವಂತಿರಬೇಕು, ಇಲ್ಲದಿದ್ದರೆ ಫ್ಯೂಸಿಗಿಂತ ಮೊದಲು ಕೇಬಲ್ಲೇ ಸುಡುತ್ತದೆ. ಎರಡು ಬ್ಯಾಟರಿಯ 24 ವೋಲ್ಟಿನ ಇನ್ವರ್ಟರ್ ಆದರೆ ಅದೇ ಲೋಡಿಗೆ ಆಂಪಿಯರ್ ಅರ್ಧವಾಗುತ್ತದೆ. ಕಂಪನಿಯ ಪುಸ್ತಕದಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಪಾಲಿಸಬೇಕು.

ಎಲೆಕ್ಟ್ರಿಷಿಯನ್ನರಲ್ಲಿ ಒಂದು ವಿಶೇಷ ವಿನಂತಿ: ಮನೆಯ ಬೋರ್ಡಿನ ಸಾಮಾನ್ಯ ಎಂಸಿಬಿಯನ್ನು ಇಲ್ಲಿಗೆ ತರಬೇಡಿ. ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುವುದರಿಂದ ಕಿಡಿ ಆರುತ್ತದೆ. ಬ್ಯಾಟರಿಯ ಡಿಸಿಯಲ್ಲಿ ಆ ಬಿಡುವಿಲ್ಲ. ಡಿಸಿ ಎಂದು ನಮೂದಿಸಿರುವ ಫ್ಯೂಸನ್ನೇ ಹಾಕಿ. ಸುಟ್ಟ ಫ್ಯೂಸಿನ ಜಾಗಕ್ಕೆ ತಂತಿ ಸುತ್ತಿಕೊಡಿ ಎಂದು ಮನೆಯವರು ಎಷ್ಟೇ ಅವಸರಪಡಿಸಿದರೂ ಒಪ್ಪಬೇಡಿ.

ಬ್ಯಾಟರಿಗೆ ನೀರು ಹಾಕಲು ಬರುವ ಹುಡುಗನಿಗೆ ಇನ್ನೈದು ನಿಮಿಷ ನಿಲ್ಲಲು ಹೇಳಿ. ಅರ್ಧ ಗಂಟೆ ಬ್ಯಾಟರಿಯಲ್ಲೇ ಓಡಿಸಿ, ಇನ್ವರ್ಟರ್ ಆಫ್ ಮಾಡಿ, ಉಂಗುರ, ಬಳೆ ತೆಗೆದಿಟ್ಟು, ಕೇಬಲ್ ತುದಿಯ ಲಗ್‌ಗಳನ್ನು ಒಂದೊಂದಾಗಿ ಮುಟ್ಟಿ ನೋಡಲಿ. ಸುಡುವಂತಿದ್ದರೆ ನಟ್ಟು ಸಡಿಲವಾಗಿದೆ, ಲಗ್ ಸರಿಯಾಗಿ ಒತ್ತಿಲ್ಲ, ಇಲ್ಲವೇ ಕೇಬಲ್ ಸಣ್ಣದು. ಯಾವುದೆಂದು ಕಂಡುಹಿಡಿದು ಸರಿಮಾಡಿಸಿದ ಮೇಲೆಯೇ ಇನ್ವರ್ಟರ್ ಮತ್ತೆ ಆನ್ ಮಾಡಿ.