ಉಂಡ ಮೇಲೆ ರಕ್ತ ಹರಿಯುವುದೆತ್ತ?

‘ಉಂಡೊಡನೆ ಓಡಬೇಡ, ಮೆಲ್ಲನೆ ನೂರು ಹೆಜ್ಜೆ ನಡೆ’ ಎಂದು ಮನೆಯ ಹಿರಿಯರು ಹೇಳುವುದುಂಟು. ಈ ಮಾತಿನ ಮರ್ಮವನ್ನು ನಮ್ಮ ರಕ್ತಪರಿಚಲನೆಯಲ್ಲಿ ಕಾಣಬಹುದು.

ವಯಸ್ಕರ ದೇಹದಲ್ಲಿರುವ ರಕ್ತ ಸುಮಾರು 5 ಲೀಟರು. ವಿಶ್ರಾಂತಿಯಲ್ಲಿರುವಾಗ ಹೃದಯವು ನಿಮಿಷಕ್ಕೆ ಹೆಚ್ಚುಕಡಿಮೆ ಅಷ್ಟನ್ನೇ ಹೊರದೂಡುತ್ತದೆ. ಅದರ ಕಾಲು ಭಾಗದಷ್ಟು ಜಠರ, ಕರುಳು, ಯಕೃತ್ತುಗಳಿಗೂ, ಐದರಲ್ಲಿ ಒಂದು ಪಾಲು ಸ್ನಾಯುಗಳಿಗೂ ಸಲ್ಲುತ್ತದೆ. ಆದರೆ ಈ ಹಂಚಿಕೆ ಸ್ಥಿರವಾದುದಲ್ಲ. ಕೆರೆಯ ನೀರನ್ನು ಗದ್ದೆಗೆ ಬಿಡಲು ತೂಬುಗಳಿರುವಂತೆ, ಪ್ರತಿಯೊಂದು ಅಂಗದಲ್ಲಿಯೂ ಸೂಕ್ಷ್ಮ ಧಮನಿಗಳಿವೆ. ಅವು ಹಿಗ್ಗಿದರೆ ರಕ್ತ ಹೆಚ್ಚಾಗಿ ಹರಿಯುತ್ತದೆ, ಕುಗ್ಗಿದರೆ ಕಡಿಮೆಯಾಗುತ್ತದೆ.

ಊಟವಾದ ಮೇಲೆ ಕರುಳಿನ ಧಮನಿಗಳು ಹಿಗ್ಗಿ, ಅಲ್ಲಿಯ ರಕ್ತಪ್ರವಾಹ ಇಮ್ಮಡಿಯಾಗುವುದೂ ಉಂಟು. ಬಿರುಸಾದ ವ್ಯಾಯಾಮದಲ್ಲಿಯಾದರೋ ಹೃದಯವು ನಿಮಿಷಕ್ಕೆ 20 ಲೀಟರಿನಷ್ಟು ರಕ್ತವನ್ನು ಹೊರದೂಡಬಲ್ಲದು. ಅದರ ಬಹುಪಾಲು ಸ್ನಾಯುಗಳಿಗೇ ಹೋಗಿ, ಕರುಳಿನ ಪಾಲು ತೀರ ಇಳಿಯುತ್ತದೆ. ತುಂಬಿದ ಹೊಟ್ಟೆಯಲ್ಲಿ ಓಡಿದವರಿಗೆ ಓಕರಿಕೆ, ಹೊಟ್ಟೆನೋವು ಬರುವುದಕ್ಕೆ ಇದೂ ಒಂದು ಕಾರಣ. ಆದುದರಿಂದ ಹೊಟ್ಟೆತುಂಬ ಉಂಡ ಬಳಿಕ ಕಠಿಣ ವ್ಯಾಯಾಮಕ್ಕೆ ಎರಡು ಮೂರು ಗಂಟೆಗಳ ಅಂತರವಿರಲಿ. ಮೆಲುನಡಿಗೆಗೆ ಈ ನಿರ್ಬಂಧವಿಲ್ಲ. ಊಟದ ಅನಂತರ ರಕ್ತದಲ್ಲಿ ಏರುವ ಸಕ್ಕರೆಯನ್ನು ಅದು ತಗ್ಗಿಸುತ್ತದೆ.

ಕರುಳಿಗೆ ರಕ್ತ ಹರಿದಾಗ ಮಿದುಳು ಬರಿದಾಗುತ್ತದೆಂಬುದು ತಪ್ಪು ತಿಳಿವಳಿಕೆ. ಆರೋಗ್ಯವಂತರಲ್ಲಿ ಹೃದಯ ತುಸು ವೇಗವಾಗಿ ಮಿಡಿಯುತ್ತದೆ, ಬೇರೆಡೆಯ ಧಮನಿಗಳು ಕುಗ್ಗುತ್ತವೆ. ಹೀಗೆ ರಕ್ತದ ಒತ್ತಡ ಕುಸಿಯದೆ ನಿಲ್ಲುತ್ತದೆ. ಮುಪ್ಪಿನಲ್ಲಿ ಈ ಹೊಂದಾಣಿಕೆ ಮಂದವಾಗುತ್ತದೆ. ಊಟವಾದ ಎರಡು ಗಂಟೆಗಳೊಳಗೆ ಒತ್ತಡವಿಳಿದು, ಥಟ್ಟನೆ ಎದ್ದು ನಿಂತ ಅಜ್ಜನವರು ತಲೆಸುತ್ತಿ ಬೀಳಬಹುದು. ಹಾಗೆ ಬಿದ್ದು ತೊಡೆಯ ಮೂಳೆ ಮುರಿಯುವ ಅಪಾಯವುಂಟು. ಅಂಥವರಿಗೆ ಒಮ್ಮೆಗೇ ಅನ್ನವನ್ನು ರಾಶಿಯಾಗಿ ಬಡಿಸದೆ, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಿ. ಉಂಡ ಮೇಲೆ ಕೊಂಚ ಕುಳಿತಿದ್ದು, ಆಸರೆ ಹಿಡಿದು ನಿಧಾನವಾಗಿ ಏಳಲಿ. ಒತ್ತಡದ ಗುಳಿಗೆ ಸೇವಿಸುವವರು ವೈದ್ಯರಿಗೆ ಈ ತಲೆಸುತ್ತನ್ನು ತಿಳಿಸಬೇಕೇ ಹೊರತು, ತಾವಾಗಿಯೇ ಗುಳಿಗೆಯನ್ನು ನಿಲ್ಲಿಸಬಾರದು.

ಹೃದಯದ ಧಮನಿಗಳು ಕಿರಿದಾದವರ ಸಂಗತಿ ಇನ್ನೂ ಗಂಭೀರ. ಜೀರ್ಣಕ್ರಿಯೆಗೂ ನಡಿಗೆಗೂ ಒಟ್ಟಿಗೇ ರಕ್ತ ಒದಗಿಸಬೇಕಾದ ಆ ಹೃದಯಕ್ಕೆ ತನ್ನ ಪಾಲಿನ ರಕ್ತವೇ ಸಾಲದಾಗುತ್ತದೆ. ಉಂಡು ನಡೆಯುವಾಗ ಎದೆ ಬಿಗಿದು, ನಿಂತೊಡನೆ ಸಡಿಲವಾಗುವುದಾದರೆ, ವಾಯುವೆಂದು ಓಮದ ನೀರು ಕುಡಿದು ಮರೆಯಬೇಡಿ. ಅಂದೇ ವೈದ್ಯರನ್ನು ಕಾಣಿ. ನಿಂತರೂ ನೋವು ಬಿಡದಿದ್ದಲ್ಲಿ ಕ್ಷಣವೂ ತಡಮಾಡದೆ ರೋಗಿಯನ್ನು ಆಸ್ಪತ್ರೆಗೆ ಒಯ್ಯಬೇಕು.